ಚೈನು ಹಿಗ್ಗುವುದಿಲ್ಲ, ಸವೆಯುತ್ತದೆ

ಸಿಂಗಲ್ ಸ್ಪೀಡ್, ಅಂದರೆ ಗೇರ್ ಇಲ್ಲದ ಸೈಕಲ್ ಕಟ್ಟಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು 'ಯಾವ ಕಂಪನಿದು ಒಳ್ಳೇದು ಅಣ್ಣ?' ಅಂತ. ಕಂಪನಿ ಆಮೇಲೆ ನೋಡೋಣ. ಮೊದಲು ಕೇಳಬೇಕಾದದ್ದು ಹಲ್ಲುಚಕ್ರಕ್ಕೆ ಎಷ್ಟು ಹಲ್ಲು, ಚೈನು ಎಷ್ಟು ಅಗಲ, ಯಾವ ಥ್ರೆಡ್ಡು (ತಿರುಪಿನ ಸುತ್ತು). ಇಷ್ಟು ಗೊತ್ತಿದ್ದರೆ ಬೇಕಾದ ಸಾಮಾನಿನಲ್ಲಿ ಬಹುಪಾಲು ಹಾಸನದ ಸೈಕಲ್ ಅಂಗಡಿಗಳಲ್ಲೇ ಸಿಗುತ್ತದೆ. ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕಾಗಿಲ್ಲ.

ಇದು ಸಾಧ್ಯವಾಗಿರುವುದು ಒಂದೇ ಒಂದು ಅಳತೆಯಿಂದ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಅಟ್ಟದ ಮೇಲೆ ಧೂಳು ಹಿಡಿದಿರುವ ತಾತನ ಕಪ್ಪು ಸೈಕಲ್ಲಿಗೂ ಇದೇ, ಇವತ್ತಿನ ಗೇರ್ ಸೈಕಲ್ಲಿಗೂ ಇದೇ. ಬೇರೆಯಾಗುವುದು ಅಗಲ ಮಾತ್ರ. ಗೇರ್ ಇಲ್ಲದ ಸೈಕಲ್ಲಿನ ಚೈನಿನ ಒಳಗಲ ಸಾಮಾನ್ಯವಾಗಿ ಇಂಚಿನ ಎಂಟನೇ ಒಂದು ಪಾಲು. ಗೇರ್ ಸೈಕಲ್ಲಿನದು ಅದಕ್ಕಿಂತ ಕಿರಿದು. ಅಗಲದ ಚೈನು ತೆಳು ಹಲ್ಲಿನ ಮೇಲೆ ಓಡುತ್ತದೆ, ಕಿರಿದಾದದ್ದು ದಪ್ಪ ಹಲ್ಲಿನ ಮೇಲೆ ಕೂರುವುದೇ ಇಲ್ಲ.

ಈ ಚೈನಿನ ಹಿಂದೆ ಬಟ್ಟೆ ಗಿರಣಿಯ ಕಥೆಯಿದೆ. ಸ್ವಿಟ್ಜರ್ಲೆಂಡಿನಿಂದ ಇಂಗ್ಲೆಂಡಿಗೆ ಹೋಗಿದ್ದ ಹಾನ್ಸ್ ರೆನಾಲ್ಡ್ 1879ರಲ್ಲಿ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡಿನಲ್ಲಿ ಜೇಮ್ಸ್ ಸ್ಲೇಟರ್ ಎಂಬವರಿಂದ ಗಿರಣಿ ಯಂತ್ರಗಳಿಗೆ ಚೈನು ಮಾಡುವ ಸಣ್ಣ ವ್ಯಾಪಾರವನ್ನು ಕೊಂಡರು. ಮರುವರ್ಷವೇ ಪಿನ್ನಿನ ಸುತ್ತ ಬುಷ್ (ಸಣ್ಣ ಕೊಳವೆ), ಬುಷ್ಷಿನ ಸುತ್ತ ರೋಲರ್ (ಉರುಳುವ ಬಳೆ) ಇರುವ ಚೈನಿಗೆ ಪೇಟೆಂಟ್ ಪಡೆದರು. ಆಗಿನ ಎತ್ತರದ ಸೈಕಲ್ಲುಗಳಿಗೆ ಚೈನೇ ಇರಲಿಲ್ಲ. ಪೆಡಲ್ ಒಂದು ಸುತ್ತು ಸುತ್ತಿದರೆ ಮುಂದಿನ ಚಕ್ರವೂ ಒಂದೇ ಸುತ್ತು. ವೇಗ ಬೇಕಾದರೆ ಚಕ್ರ ದೊಡ್ಡದಾಗಬೇಕು, ಅದಕ್ಕೆ ಕಾಲಿನ ಉದ್ದ ಅಡ್ಡ ಬರುತ್ತಿತ್ತು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ತಮ್ಮ 'ರೋವರ್' ಸೈಕಲ್ಲಿನಲ್ಲಿ ಚೈನಿನಿಂದ ಹಿಂದಿನ ಚಕ್ರ ತಿರುಗಿಸಿದರು. ಚಕ್ರ ಚಿಕ್ಕದಾಯಿತು, ವೇಗ ಉಳಿಯಿತು.

ಲೆಕ್ಕ ನೋಡಿ. ಮುಂದೆ 44 ಹಲ್ಲಿನ ಚೈನ್ ವೀಲ್ (ಪೆಡಲ್ ಹತ್ತಿರದ ಹಲ್ಲುಚಕ್ರ), ಹಿಂದೆ 18 ಹಲ್ಲಿನ ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಚಕ್ರ), 28 ಇಂಚಿನ ಚಕ್ರ. 44ನ್ನು 18ರಿಂದ ಭಾಗಿಸಿ 28ರಿಂದ ಗುಣಿಸಿದರೆ 68 ಇಂಚು ಬರುತ್ತದೆ. ಅಂದರೆ ಐದೂವರೆ ಅಡಿಗಿಂತಲೂ ಎತ್ತರದ ಹಳೇ ಚಕ್ರದ ಮೇಲೆ ಕೂತು ತುಳಿದಷ್ಟು ದೂರ ಹೋಗುತ್ತೀರಿ. ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 20 ಕಿ.ಮೀ. ಹತ್ತಿರ.

'ಮುಂದಿನ ಚೈನ್ ವೀಲ್ ದೊಡ್ಡದು ಹಾಕಿದ್ರೆ ಸ್ಪೀಡ್ ಜಾಸ್ತಿ' ಅನ್ನೋದು ಅರ್ಧ ಸತ್ಯ. ದೂರ ಜಾಸ್ತಿ ಸಿಗುತ್ತದೆ, ಬಲವೂ ಅಷ್ಟೇ ಜಾಸ್ತಿ ಕೇಳುತ್ತದೆ. ಹಾಸನದೊಳಗೆ ಬಿ.ಎಂ. ರಸ್ತೆಯಲ್ಲಿ 44–18 ಆರಾಮ. ಅದನ್ನೇ ಹಿಡಿದು ಚಿಕ್ಕಮಗಳೂರಿನ ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹೊರಟರೆ ಮಂಡಿ ದೂರು ಹೇಳುತ್ತದೆ. ಹಿಂದೆ 22 ಹಲ್ಲು ಹಾಕಿ. ಪೆಡಲ್ ಮೇಲಿನ ಬಲ ಶೇ. 18ರಷ್ಟು ಇಳಿಯುತ್ತದೆ.

ಈಗ ನನಗೆ ಅತಿ ಇಷ್ಟದ ವಿಷಯ. 'ಚೈನು ಹಿಗ್ಗಿದೆ' ಅಂತ ಎಲ್ಲರೂ ಹೇಳುತ್ತಾರೆ. ನಾವು ತುಳಿಯುವ ಬಲಕ್ಕೆ ಉಕ್ಕಿನ ಪಟ್ಟಿ ಹಿಗ್ಗಿ ಹಾಗೇ ಉಳಿಯುವುದಿಲ್ಲ. ಸವೆಯುವುದು ಪಿನ್ನು ಮತ್ತು ಅದು ಕೂತಿರುವ ತೂತು. ಕೀಲು ಸವೆದು ಬಾಗಿಲು ಜೋತು ಬಿದ್ದರೆ ಬಾಗಿಲೇ ಬೆಳೆಯಿತು ಅನ್ನುವುದಿಲ್ಲ ಅಲ್ವಾ? ಒಂದೊಂದು ಕೀಲಿನಲ್ಲಿ ಒಂದು ಮಿಲಿಮೀಟರಿನ ಎಂಟನೇ ಒಂದು ಪಾಲು ಸವೆದರೂ ಕಣ್ಣಿಗೆ ಕಾಣುವುದಿಲ್ಲ. ಆದರೆ ನೂರು ಕೊಂಡಿಯ ಚೈನಿನಲ್ಲಿ ಅದೆಲ್ಲ ಸೇರಿ ಒಂದೂಕಾಲು ಸೆಂಟಿಮೀಟರ್ ಆಗುತ್ತದೆ.

ಹಳೇ ಚೈನನ್ನು ಅಂಗಡಿಯ ಗಾಜಿನ ಮೇಜಿನ ಮೇಲೆ ಬಿಗಿಯಾಗಿ ಎಳೆದಿಡಿ. ಸ್ಟೀಲ್ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ತನ್ನಿ. 24 ಕೊಂಡಿ ದಾಟಿದ ಮೇಲಿನ ಪಿನ್ನು ಸರಿಯಾಗಿ 12 ಇಂಚಿನ ಗೆರೆಯ ಮೇಲೆ ಕೂರಬೇಕು. ಅದು ಗೆರೆಯಿಂದ ಎಂಟನೇ ಒಂದು ಇಂಚು ಆಚೆ ಹೋಗಿದ್ದರೆ ಚೈನು ಶೇ. 1ರಷ್ಟು ಸವೆದಿದೆ. ಅಷ್ಟು ಹೊತ್ತಿಗೆ ಅದು ಫ್ರೀವೀಲಿನ ಹಲ್ಲನ್ನೂ ಕೊಕ್ಕೆ ಥರ ತಿಂದಿರುತ್ತದೆ. ಹಾಗಾಗಿ ಹೊಸ ಚೈನು ತಂದು ಸವೆದ ಫ್ರೀವೀಲಿಗೆ ಹಾಕಬೇಡಿ. ಜೋರಾಗಿ ತುಳಿದಾಗ ಟಕ್ ಅಂತ ಹಾರುತ್ತದೆ. ಎರಡನ್ನೂ ಒಟ್ಟಿಗೆ ಕೊಳ್ಳಿ.

ಸವೆತ ಕಡಿಮೆಯಾಗಬೇಕು ಅಂದರೆ ದೊಡ್ಡ ಹಲ್ಲುಚಕ್ರ ಆರಿಸಿ. 39–16 ಮತ್ತು 44–18 ಎರಡರ ಅನುಪಾತವೂ ಹೆಚ್ಚುಕಡಿಮೆ 2.44. ಆದರೆ 16 ಹಲ್ಲಿನ ಮೇಲೆ ಪ್ರತಿ ಕೊಂಡಿ 22.5 ಡಿಗ್ರಿ ಬಾಗಬೇಕು, 18ರ ಮೇಲೆ 20 ಡಿಗ್ರಿ ಸಾಕು. ಮುಂದೆ 39 ಇದ್ದರೆ ಅದೇ ತುಳಿತಕ್ಕೆ ಚೈನಿನ ಮೇಲಿನ ಎಳೆತವೂ ಶೇ. 13ರಷ್ಟು ಜಾಸ್ತಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸ್ಪೈಸರ್ ತಂಡ 1999ರಲ್ಲಿ ಅಳೆದಾಗ ಒಳ್ಳೆಯ ಸ್ಥಿತಿಯಲ್ಲಿ ಚೈನು ನಮ್ಮ ಶಕ್ತಿಯ ಶೇ. 98.6ರವರೆಗೂ ಹಿಂದಕ್ಕೆ ದಾಟಿಸುತ್ತಿತ್ತು. ದೊಡ್ಡ ಹಲ್ಲುಚಕ್ರಗಳೇ ಅಲ್ಲೂ ಮುಂದಿದ್ದವು. ಗೇರ್ ಇಲ್ಲ ಅಂದ ಮಾತ್ರಕ್ಕೆ ಸಿಂಗಲ್ ಸ್ಪೀಡನ್ನು ಕೀಳಾಗಿ ನೋಡುವವರಿಗೆ ಈ ಅಂಕಿ ತೋರಿಸಬೇಕು.

ಫ್ರೇಮ್ ಆರಿಸುವಾಗ ಹಿಂದಿನ ಆಕ್ಸಲ್ ಕೂರುವ ಸೀಳು ಉದ್ದಕ್ಕೆ ಇದೆಯಾ ನೋಡಿ. ಚಕ್ರ ಹಿಂದೆ ಜರುಗಿಸಿ ಚೈನು ಬಿಗಿ ಮಾಡಲು ಅದು ಬೇಕು. ಸೀಳು ನೆಟ್ಟಗೆ ಕೆಳಮುಖವಾಗಿದ್ದರೆ ಚೈನು ಬಿಗಿ ಹಿಡಿಯುವ ಬೇರೆ ಟೆನ್ಷನರ್ ಹಾಕಬೇಕಾಗುತ್ತದೆ. ಹ್ಯಾಂಡಲ್, ಸೀಟು ನಿಮ್ಮ ಮೈಗೆ ಒಗ್ಗಿದ್ದು ಸಾಕು.

ಫ್ರೀವೀಲ್ ಕೊಳ್ಳುವಾಗಲೇ ಅದನ್ನು ಬಿಚ್ಚುವ ಟೂಲನ್ನೂ ಕೊಳ್ಳಿ. ನಾವು ತುಳಿದ ಒಂದೊಂದು ತುಳಿತವೂ ಫ್ರೀವೀಲನ್ನು ಹಬ್ಬಿನ (ಚಕ್ರದ ನಡುಭಾಗದ) ಥ್ರೆಡ್ಡಿಗೆ ಇನ್ನಷ್ಟು ಬಿಗಿ ಮಾಡುತ್ತದೆ. ಒಂದು ಮಳೆಗಾಲ ಕಳೆದರೆ ಬರಿಗೈಯಲ್ಲಿ ಅಲುಗುವುದೇ ಇಲ್ಲ. ಕೆಲವಕ್ಕೆ ಎರಡು ಕಚ್ಚು, ಕೆಲವಕ್ಕೆ ನಾಲ್ಕು ಕಚ್ಚು ಇರುತ್ತದೆ, ಒಂದರ ಟೂಲ್ ಇನ್ನೊಂದಕ್ಕೆ ಆಗುವುದಿಲ್ಲ. ಅಂಗಡಿಯಲ್ಲೇ ಕೂರಿಸಿ ನೋಡಿ. ಹಬ್ಬಿಗೆ ಹಾಕುವ ಮೊದಲು ಥ್ರೆಡ್ಡಿಗೆ ಗ್ರೀಸ್ ಹಚ್ಚಿ.