ಕೋಕೋಪೀಟ್ ಮೇಲೆ ಒಣಗಿರುತ್ತೆ, ಆದ್ರೂ ಸಸಿ ಬಾಡುತ್ತೆ: ನೀರು ಸಾಲ್ತಿಲ್ವಾ, ಜಾಸ್ತಿ ಆಯ್ತಾ?

ಪ್ರಶ್ನೆ: ನಮ್ಮದು ಹಾಸನ. ಮನೆ ಹಿಂದೆ ಶೇಡ್‌ನೆಟ್ ಕಟ್ಟಿ ಮೆಣಸಿನಕಾಯಿ, ಟೊಮೇಟೊ, ಬದನೆ ಸಸಿನ ತೆಂಗಿನ ನಾರಿನ ಪುಡಿ, ಅಂದ್ರೆ ಕೋಕೋಪೀಟ್‌ನಲ್ಲಿ ಎಬ್ಬಿಸ್ತಿದೀವಿ, ಸ್ವಲ್ಪ ಟ್ರೇನಲ್ಲಿ, ಸ್ವಲ್ಪ ಕವರ್‌ನಲ್ಲಿ. ಮಧ್ಯಾಹ್ನದೊಳಗೆ ಮೇಲೆಲ್ಲ ಒಣಗಿ ಬೆಳ್ಳಗಾಗಿರುತ್ತೆ ಅಂತ ಬೆಳಗ್ಗೆ ಸಂಜೆ ಎರಡು ಹೊತ್ತೂ ನೀರು ಹಾಕ್ತೀವಿ. ಆದ್ರೂ ಸಸಿ ಜೋತುಬೀಳುತ್ತೆ, ಕೆಳಗಿನ ಎಲೆ ಹಳದಿ ಆಗ್ತಿದೆ. ದಿನಕ್ಕೆ ಎಷ್ಟು ಸಲ ನೀರು ಹಾಕ್ಬೇಕು?

ಉತ್ತರ: ನೀವು ಹೇಳಿರೋ ಲಕ್ಷಣ ನೋಡಿದ್ರೆ ನೀರು ಜಾಸ್ತಿನೇ ಆಗಿದೆ. ದಿನಕ್ಕೆ ಎಷ್ಟು ಸಲ ಅಂತ ಒಂದು ನಂಬರ್ ಕೊಟ್ಬಿಟ್ರೆ ನಿಮಗೂ ಖುಷಿ ನನಗೂ ಸುಲಭ, ಆದ್ರೆ ಆ ನಂಬರ್ ನಂಬ್ಕೊಂಡೇ ತುಂಬ ಜನರ ಸಸಿ ಹೋಗಿರೋದು, ಯಾಕಂದ್ರೆ ನೀರು ಎಷ್ಟು ಬೇಕು ಅನ್ನೋದನ್ನ ಬೇರು ಎಷ್ಟು ಹಬ್ಬಿದೆ, ಕವರ್ ಎಷ್ಟು ದೊಡ್ಡದು, ಹೊರಗೆ ಹವಾ ಹೇಗಿದೆ ಅನ್ನೋ ಮೂರು ವಿಷಯ ಸೇರಿ ತೀರ್ಮಾನ ಮಾಡುತ್ತೆ, ಗಡಿಯಾರ ಅಲ್ಲ.

ಮೊದಲು ಆ ಬಿಳಿ ಮೇಲ್ಪದರದ ವಿಷಯ. ಕೋಕೋಪೀಟ್ ಒಣಗಿದ ತಕ್ಷಣ ಬಣ್ಣ ಬದಲಾಯಿಸುತ್ತೆ, ಮಣ್ಣಿಗಿಂತ ಎದ್ದು ಕಾಣುತ್ತೆ. ಮೇಲಿನ ಅರ್ಧ ಇಂಚು ಗಾಳಿಗೆ ಒಣಗಿ ತಿಳಿ ಕಂದು ಆಗಿರುತ್ತೆ, ಅದರ ಕೆಳಗೆ ಬೆರಳು ಹಾಕಿದ್ರೆ ಕಪ್ಪಗೆ ತೊಪ್ಪೆ ಆಗಿರುತ್ತೆ. ಇದು ತನ್ನ ತೂಕದ ಎಂಟು ಪಟ್ಟಿನಷ್ಟು ನೀರು ಹಿಡ್ಕೊಳ್ಳೋ ವಸ್ತು, ಒತ್ತಿ ಮಾಡಿದ 5 ಕೆಜಿ ಕೋಕೋಪೀಟ್ ಇಟ್ಟಿಗೆನ ನೀರಲ್ಲಿ ಹಾಕಿದ್ರೆ ಎಷ್ಟು ಉಬ್ಬುತ್ತೆ ಅಂತ ನೀವೇ ನೋಡಿರ್ತೀರ. ಅಷ್ಟು ನೀರನ್ನ ಎರಡೆಲೆ ಸಸಿ ಒಂದು ದಿನದಲ್ಲಿ ಎಲ್ಲಿಂದ ಕುಡಿಯುತ್ತೆ?

ಇನ್ನೊಂದು ವಿಷಯ ಅರ್ಥ ಆದ್ರೆ ಅರ್ಧ ಸಮಸ್ಯೆ ಮುಗೀತು. ಒದ್ದೆ ಪಂಚೆನ ತಂತಿ ಮೇಲೆ ಹರವಿದ್ರೆ ಮೇಲೆಲ್ಲ ಒಣಗಿದ್ರೂ ಕೆಳಗಿನ ಅಂಚು ತೊಟ್ಟಿಕ್ತಾನೇ ಇರುತ್ತಲ್ಲ, ಕುಂಡ ಕವರ್ ಟ್ರೇ ಎಲ್ಲದರಲ್ಲೂ ಅದೇ ಕಥೆ. ತೂತು ಎಷ್ಟೇ ಇರ್ಲಿ, ತಳದಲ್ಲಿ ಒಂದು ಪದರ ನೀರು ಇಳಿಯದೇ ನಿಂತಿರುತ್ತೆ, ಆ ಪದರದ ಎತ್ತರ ಕುಂಡ ಚಿಕ್ಕದಿದ್ರೂ ದೊಡ್ಡದಿದ್ರೂ ಹೆಚ್ಚುಕಮ್ಮಿ ಒಂದೇ, ಒಳಗೆ ತುಂಬಿರೋ ಪುಡಿ ಎಷ್ಟು ನುಣ್ಣಗಿದೆ ಅನ್ನೋದರ ಮೇಲೆ ಹೋಗುತ್ತೆ. ಹಾಗಾಗಿ ಉದ್ದ ಕವರ್‌ನಲ್ಲಿ ಅದು ತಳದ ಒಂದು ಪಾಲು ಅಷ್ಟೇ, ಆದ್ರೆ 98 ಗುಳಿಯ ಪ್ರೋ ಟ್ರೇ ಇದೆಯಲ್ಲ, ಅದರ ಗುಳಿ ಆಳ ಇರೋದೇ ಎರಡು ಇಂಚಿನ ಆಸುಪಾಸು, ಅದರಲ್ಲಿ ದೊಡ್ಡ ಭಾಗ ಈ ನೀರಿಗೇ ಹೋಗ್ಬಿಡುತ್ತೆ. ನೀರು ಒಳ್ಳೆ ಬಸಿದು ಹೋಗ್ಲಿ ಅಂತ ತಳಕ್ಕೆ ಜಲ್ಲಿ, ಹೆಂಚಿನ ಚೂರು ಹಾಕ್ತಾರಲ್ಲ, ಅದ್ರಿಂದ ಉಪಕಾರ ಇಲ್ಲ, ಒದ್ದೆ ಪದರ ಅಷ್ಟು ಮೇಲಕ್ಕೆ ಬಂದು ಬೇರಿಗೆ ಇನ್ನೂ ಹತ್ರ ಆಗುತ್ತೆ. ಅಜ್ಜಿ ಕಾಲದಿಂದ ಮಾಡ್ಕೊಂಡು ಬಂದಿದೀವಿ ಅಂದ್ರೆ ನಾನು ಜಗಳಕ್ಕೆ ಬರಲ್ಲ, ತೂತು ಮುಚ್ಚದ ಹಾಗೆ ಒಂದು ಚೂರು ಇಟ್ರೆ ಸಾಕು, ಅರ್ಧ ಕುಂಡ ಕಲ್ಲು ಬೇಡ.

ಬೇರಿಗೆ ನೀರು ಎಷ್ಟು ಮುಖ್ಯನೋ ಗಾಳಿನೂ ಅಷ್ಟೇ ಮುಖ್ಯ. ಬೇರು ಉಸಿರಾಡುತ್ತೆ, ಆಮ್ಲಜನಕ ಬೇಕು. ಸಂದು ಸಂದಲ್ಲೂ ನೀರು ನಿಂತ್ರೆ ಬೇರಿನ ತುದಿ ಮೊದಲು ಸಾಯುತ್ತೆ, ನೀರು ಹೀರೋದೇ ಆ ತುದಿ ಹತ್ರ ಇರೋ ಸಣ್ಣ ರೋಮಗಳಿಂದ, ಅವು ಹೋದ್ರೆ ಸಸಿ ನೀರಲ್ಲಿ ನಿಂತ್ಕೊಂಡೇ ಬಾಯಾರಿ ಬಾಡುತ್ತೆ. ನಾವು ಬಾಡ್ತಿದೆ ಅಂತ ಇನ್ನೊಂದು ಮಗ್ ಸುರೀತೀವಿ. ಆಮೇಲೆ ಪಿಥಿಯಂ, ಫೈಟಾಫ್ತೊರಾ ಥರದ ಬೇರು ಕೊಳೆಸೋ ರೋಗಾಣುಗಳು ಬರ್ತವೆ, ಅವಕ್ಕೆ ನಿಂತ ನೀರು ಸಿಕ್ಕಿದ್ರೆ ಹಬ್ಬ, ಬುಡ ಕರಗಿ ಸಸಿ ಮಲಗುತ್ತೆ. ಸಸಿ ಸಾಯೋ ರೋಗ, ಬುಡ ಕೊಳೆ ಅಂತೆಲ್ಲ ಕರೆಯೋದು ಇದನ್ನೇ.

ಪರೀಕ್ಷೆ ಮಾಡೋಕೆ ಮೀಟರ್ ಏನೂ ಬೇಡ. ಬಾಡಿರೋ ಸಸಿನ ಎರಡು ಹೊತ್ತು ನೋಡಿ. ಮಧ್ಯಾಹ್ನ ಜೋತುಬಿದ್ದು ಸಂಜೆ ತಂಪಿಗೆ ತಾನೇ ಎದ್ರೆ ಬಿಸಿಲಿಗೆ ಆಗಿರೋದು, ಗಾಬರಿ ಬೇಡ. ಬೆಳಗ್ಗೆ ಆರು ಗಂಟೆಗೇ, ಕೋಕೋಪೀಟ್ ಒದ್ದೆ ಇದ್ದೂ ಬಾಡಿದೆ ಅಂದ್ರೆ ಬೇರಿಗೆ ಏಟು ಬಿದ್ದಿದೆ. ಒಂದು ಸಸಿ ಹೋದ್ರೆ ಹೋಗ್ಲಿ ಅಂತ ಬೇರಿಗೆ ಅಂಟಿರೋ ಕೋಕೋಪೀಟ್ ಗಡ್ಡೆ ಸಮೇತ ಎಳೆದು ನೋಡಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ರೆ ಸರಿ. ತಿಳಿ ಕಂದು ಇದ್ದು ಗಟ್ಟಿ ಇದ್ರೂ ಸರಿನೇ, ಕೋಕೋಪೀಟ್‌ನ ಕಷಾಯದ ಬಣ್ಣ ಬೇರಿಗೆ ಹತ್ತುತ್ತೆ, ಅದನ್ನ ನೋಡಿ ಕೊಳೆತೋಯ್ತು ಅಂತ ಕಿತ್ತು ಎಸೆಯೋರೂ ಇದಾರೆ. ಎರಡು ಬೆರಳಲ್ಲಿ ಹಿಡಿದು ಎಳೆದಾಗ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದು, ಮೂಗಿಗೆ ಚರಂಡಿ ವಾಸನೆ ಬಂದ್ರೆ ಮಾತ್ರ ಕೊಳೆತಿದೆ ಅಂತ ಅರ್ಥ. ಮೇಲೆ ಹಸಿರು ಪಾಚಿ ಕಟ್ಟಿದ್ರೆ, ತಟ್ಟಿದಾಗ ಸಣ್ಣ ಕಪ್ಪು ನೊಣ ಹಾರಿದ್ರೆ ಅದೂ ಸುಳಿವೇ, ಆ ನೊಣದ ಮರಿ ಬೇರಿನ ರೋಮನೇ ಮೇಯುತ್ತೆ, ಮೇಲ್ಪದರ ಯಾವಾಗ್ಲೂ ಒದ್ದೆ ಇದ್ರೆ ಮಾತ್ರ ಅದು ಅಲ್ಲಿ ಸಂಸಾರ ಹೂಡೋದು.

ಹಾಗಾದ್ರೆ ನೀರು ಯಾವಾಗ? ಎತ್ತಿ ನೋಡಿ. ನೀರು ಹಾಕಿ ಬಸಿದ ಮೇಲೆ ಒಂದ್ಸಲ ಟ್ರೇ ಎತ್ತಿ ತೂಕ ಕೈಗೆ ಅಂದಾಜು ಮಾಡ್ಕೊಳ್ಳಿ, ಆಮೇಲೆ ಸುಮಾರು ಅರ್ಧ ಹಗುರ ಆಯ್ತು ಅನ್ನಿಸಿದಾಗ ಹಾಕಿ. ಕೈಗೆ ಇದು ಬೇಗ ಅಭ್ಯಾಸ ಆಗುತ್ತೆ, ನರ್ಸರಿಯಲ್ಲಿ ಕೆಲಸ ಮಾಡೋ ಹೆಂಗಸರು ಟ್ರೇ ಒಂದು ಮೂಲೆ ಎತ್ತಿ ಬಿಟ್ಟೇ ಹೇಳ್ಬಿಡ್ತಾರೆ. ಕವರ್ ಆದ್ರೆ ಒಳಗಿಂದ ಒಂದು ಹಿಡಿ ತೆಗೆದು ಹಿಂಡಿ, ಒಂದೆರಡು ಹನಿ ಬಂದ್ರೆ ಹದ, ಬೆರಳ ಸಂದಿಂದ ಧಾರೆ ಇಳಿದ್ರೆ ಇವತ್ತು ನೀರು ಬೇಡ.

ಈಗ ಯೂಟ್ಯೂಬ್ ಗೊಂದಲ. ಒಬ್ರು ಕೋಕೋಪೀಟ್ ಒಣಗೋಕೆ ಬಿಡಲೇಬೇಡಿ, ದಿನಾ ತಳದಿಂದ ನೀರು ಹೊರಗೆ ಬರೋ ತನಕ ಕೊಡಿ ಅಂತಾರೆ, ಇನ್ನೊಬ್ರು ಕೈ ಬಿಗಿ ಹಿಡೀರಿ ಅಂತಾರೆ. ಇಬ್ರೂ ಸರಿ, ಹೇಳ್ತಿರೋ ಗಿಡದ ವಯಸ್ಸು ಬೇರೆ ಅಷ್ಟೇ. ಬೇರು ಕವರ್ ತುಂಬಿ, ಡ್ರಿಪ್‌ನಲ್ಲಿ ಗೊಬ್ಬರ ಹೋಗ್ತಿರೋ ಪಾಲಿಹೌಸ್ ಕ್ಯಾಪ್ಸಿಕಂಗೆ ಮೊದಲನೇದು ನಿಜ, ಅಲ್ಲಿ ಒಣಗಿಸಿದ್ರೆ ನೀರು ಹೋಗಿ ಗೊಬ್ಬರದ ಉಪ್ಪು ಮಾತ್ರ ಬೇರಿನ ಸುತ್ತ ಗಟ್ಟಿಯಾಗಿ ಉಳಿಯುತ್ತೆ, ಅದಕ್ಕೇ ದಿನಕ್ಕೆ ಹಲವು ಸಲ ಕೊಟ್ಟು, ಕೊಟ್ಟಿದ್ದರಲ್ಲಿ ನೂರಕ್ಕೆ ಹತ್ತಿಪ್ಪತ್ತು ಪಾಲು ತಳದಿಂದ ಹರಿದು ಹೋಗೋ ಹಾಗೆ ನೋಡ್ಕೋತಾರೆ. ನಿಮ್ಮ ಎರಡೆಲೆ ನಾಲ್ಕೆಲೆ ಸಸಿಗೆ ಆ ಲೆಕ್ಕ ಹಾಕಿದ್ರೆ ಮುಳುಗಿಸಿದ ಹಾಗೆ. ಅದಕ್ಕೇ ಸಣ್ಣ ಸಸಿನ ನೇರ ದೊಡ್ಡ ಕವರ್‌ಗೆ ಹಾಕ್ಬೇಡಿ, ಬೇರಿಲ್ಲದ ಜಾಗದ ನೀರನ್ನ ಕುಡಿಯೋರೇ ಇಲ್ಲ, ಅದು ವಾರಗಟ್ಟಲೆ ಹಾಗೇ ಕೂತಿರುತ್ತೆ.

ಹಾಗಂತ ಪೂರ್ತಿ ಒಣಗಿಸೋದೂ ತಪ್ಪು. ಸಂಪೂರ್ಣ ಒಣಗಿದ ಕೋಕೋಪೀಟ್ ಕುಗ್ಗಿ ಅಂಚು ಬಿಡುತ್ತೆ, ನೀರು ಆ ಸಂದಿಯಲ್ಲೇ ಇಳಿದು ಹೊರಗೆ ಹೋಗುತ್ತೆ, ಗಡ್ಡೆ ನಡುವೆ ಒಣಗೇ ಇರುತ್ತೆ. ಹಾಗೆ ಆಗಿದ್ರೆ ಜರಡಿ ಮೂತಿಯ ರೋಸ್ ಕ್ಯಾನ್‌ನಲ್ಲಿ ಸ್ವಲ್ಪ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ, ಎರಡನೇ ಸಲ ಕುಡಿಯುತ್ತೆ.

ಊರಿನ ಲೆಕ್ಕನೂ ಬರುತ್ತೆ. ಹಾಸನ ಜಿಲ್ಲೆ ಒಳಗೇ ಅರಸೀಕೆರೆ ಕಡೆ ಒಣ ಗಾಳಿಗೆ ಏಪ್ರಿಲ್‌ನಲ್ಲಿ ಟ್ರೇ ದಿನಕ್ಕೆ ಎರಡು ಸಲ ಕೇಳಬಹುದು, ಅದೇ ಟ್ರೇ ಜುಲೈನಲ್ಲಿ ಸಕಲೇಶಪುರದಲ್ಲೋ, ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲೋ ಇದ್ರೆ ನಾಲ್ಕು ದಿನ ಮುಟ್ಟೋ ಹಾಗಿಲ್ಲ, ಗಾಳಿಯಲ್ಲೇ ತೇವ ತುಂಬಿರುವಾಗ ಎಲೆಯಿಂದ ನೀರು ಆವಿ ಆಗೋದೇ ಕಮ್ಮಿ. ಮಲೆನಾಡಲ್ಲಿ ಮಳೆಗಾಲಕ್ಕೆ ಶೇಡ್‌ನೆಟ್ ಒಂದೇ ಸಾಲಲ್ಲ, ಮೇಲೆ ಪಾಲಿಥಿನ್ ಬೇಕೇ ಬೇಕು. ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಸಂಜೆ ನೀರು ಹಾಕಿದ್ರೆ ರಾತ್ರಿಯಿಡೀ ಬೇರು ತಣ್ಣನೆ ಕೆಸರಲ್ಲಿ, ಬೆಳಗ್ಗೆ ಹಾಕಿ. ನೀವು ಸಂಜೆದು ಇವತ್ತೇ ನಿಲ್ಸಿ.

ನೀರು ಎಲ್ಲಿಂದ ಬರುತ್ತೆ ಅನ್ನೋದೂ ಮುಖ್ಯ. ಕಡೂರು, ಅರಸೀಕೆರೆ ಕಡೆಯ ಗಡಸು ಬೋರ್ ನೀರನ್ನ ದಿನಾ ಹಾಕ್ತಾ ಹೋದ್ರೆ ಕೋಕೋಪೀಟ್‌ನ ಪಿಎಚ್ ಮೇಲೇರುತ್ತೆ, ಇರಬೇಕಾದ್ದು 5.5ರಿಂದ 6.5ರ ಒಳಗೆ, ಅದು ದಾಟಿದ್ರೆ ಕಬ್ಬಿಣ ಇದ್ರೂ ಗಿಡಕ್ಕೆ ಸಿಗಲ್ಲ, ಹೊಸ ಎಲೆ ನರ ಮಾತ್ರ ಹಸಿರು ಉಳಿದು ಹಳದಿ ಆಗುತ್ತೆ. ಮಲೆನಾಡಿನ ಮಳೆ ನೀರಿಗೆ ಆ ತೊಂದರೆ ಇಲ್ಲ, ಆದ್ರೆ ಅದರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನಬೇಕು, ಕೋಕೋಪೀಟ್ ಬೇರೆ ಇರೋ ಕ್ಯಾಲ್ಸಿಯಂ ಮೆಗ್ನೀಸಿಯಂನ ತಾನು ಹಿಡ್ಕೊಂಡು ಪೊಟ್ಯಾಷಿಯಂ ಸೋಡಿಯಂ ಬಿಟ್ಕೊಡೋ ಜಾತಿ. ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ ತೊಳೆದಿರೋದನ್ನ ಬಫರ್ಡ್ ಅಂತ ಮಾರ್ತಾರೆ, ಸಿಕ್ಕಿದ್ರೆ ಅದನ್ನೇ ತಗೊಳ್ಳಿ.

ಅರಸೀಕೆರೆ, ತಿಪಟೂರು ಕಡೆ ನಾರಿನ ಫ್ಯಾಕ್ಟರಿಯಿಂದ ಹಸಿ ಪುಡಿ ಟ್ರ್ಯಾಕ್ಟರ್‌ನಲ್ಲಿ ತರಿಸೋರಿಗೆ ಒಂದು ಮಾತು. ನಮ್ಮದು ಸಮುದ್ರದ ನೀರಲ್ಲಿ ನೆನೆಸಿದ್ದಲ್ಲ, ಉಪ್ಪಿರಲ್ಲ ಅಂತಾರೆ, ಅದು ಅರ್ಧ ನಿಜ. ಸೋಡಿಯಂ ಕಮ್ಮಿ ಇರಬಹುದು, ಆದ್ರೆ ತೆಂಗಿನ ಸಿಪ್ಪೆಯಲ್ಲೇ ಪೊಟ್ಯಾಷಿಯಂ, ಕ್ಲೋರೈಡ್ ತುಂಬ ಇರುತ್ತೆ, ಟ್ಯಾನಿನ್ನೂ ಇರುತ್ತೆ. ಎರಡು ಮೂರು ಸಲ ನೆನೆಸಿ ಬಸಿದು, ಕೆಳಗೆ ಬರೋ ನೀರು ಗಟ್ಟಿ ಟೀ ಬಣ್ಣದಿಂದ ತೆಳು ಬಣ್ಣಕ್ಕೆ ಬರೋ ತನಕ ತೊಳೀರಿ. ಮೊದಲೇ ಕೊಳೆಸದ ಪುಡಿಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರಾ ಕಮ್ಮಿ, ಅದನ್ನ ಕೊಳೆಸೋ ಸೂಕ್ಷ್ಮಜೀವಿಗಳು ಸಸಿ ಪಾಲಿನ ಸಾರಜನಕನೂ ತಿಂದ್ಹಾಕ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಫರ್ಮೆಂಟೆಡ್ (ಹುದುಗಿಸಿದ) ಕೋಕೋಪೀಟ್ ಅಂತ ಮಾಡಿರೋದು ಇದೇ ಕಾರಣಕ್ಕೆ. ಪುಡಿ ತೀರಾ ನುಣ್ಣಗಿದ್ರೆ ರೈಸ್ ಮಿಲ್‌ನಿಂದ ಸುಟ್ಟ ಭತ್ತದ ಹೊಟ್ಟು ತಂದು ನಾಲ್ಕಕ್ಕೆ ಒಂದು ಪಾಲು ಬೆರೆಸಿ, ಗಾಳಿ ಆಡುತ್ತೆ. ಹಸಿ ಕಾಫಿ ಸಿಪ್ಪೆ ಮಾತ್ರ ಬೆರೆಸ್ಬೇಡಿ, ಕೊಳೆಯುವಾಗ ಬಿಸಿ ಏರುತ್ತೆ.

ಕಾಫಿ ಸಸಿ ಮಾಡೋರು 6 ಪಾಲು ಕಾಡುಮಣ್ಣು, 2 ಪಾಲು ಕೊಟ್ಟಿಗೆ ಗೊಬ್ಬರ, 1 ಪಾಲು ಮರಳಿನ ಹಳೇ ಮಿಕ್ಸ್‌ಗೆ ಈಗೀಗ ಮಣ್ಣು ಸಿಗಲ್ಲ ಅಂತ ಕೋಕೋಪೀಟ್ ಸೇರಿಸ್ತಿದಾರೆ. ಸೇರಿಸಿ, ಆದ್ರೆ ಹಳೇ ಕವರ್‌ಗೆ ಹಾಕ್ತಿದ್ದಷ್ಟೇ ನೀರು ಇದಕ್ಕೂ ಹಾಕ್ಬೇಡಿ. ಕಾಳುಮೆಣಸಿನ ಕಟಿಂಗ್ಸ್‌ಗಂತೂ ಇನ್ನೂ ಹುಷಾರು, ಬಳ್ಳಿಯ ಶೀಘ್ರ ಸೊರಗು ರೋಗಕ್ಕೆ ಕಾರಣ ಆಗೋ ಫೈಟಾಫ್ತೊರಾ ನರ್ಸರಿ ಕವರ್‌ನಲ್ಲೇ ಹತ್ಕೊಂಡು ತೋಟದವರೆಗೂ ಬರುತ್ತೆ.

ನಿಮ್ಮ ಕೆಳಗಿನ ಎಲೆ ಹಳದಿ ಆಗಿರೋದಕ್ಕೆ ನೀರಿನ ಜೊತೆ ಹಸಿವೂ ಕಾರಣ ಇರಬಹುದು. ಕೋಕೋಪೀಟ್‌ನಲ್ಲಿ ಊಟ ಇಲ್ಲ, ಬೀಜದೆಲೆ ತನ್ನ ಗಂಟು ಖಾಲಿ ಮಾಡಿದ ಮೇಲೆ ನಾವೇ ಕೊಡಬೇಕು. ಮೊದಲ ನಿಜವಾದ ಎಲೆ ಬಿಟ್ಟ ಮೇಲೆ ನೀರಲ್ಲಿ ಕರಗೋ 19:19:19 ಗೊಬ್ಬರನ ಲೀಟರಿಗೆ ಒಂದು ಗ್ರಾಂ ಮೀರದ ಹಾಗೆ ವಾರಕ್ಕೊಂದೆರಡು ಸಲ ನೀರಿನ ಬದಲು ಕೊಡಿ. ಕ್ಯಾಲ್ಸಿಯಂ ನೈಟ್ರೇಟ್ ಕೊಡೋದಾದ್ರೆ ಬೇರೆ ದಿನ, ಎರಡನ್ನೂ ಒಂದೇ ಬಕೆಟ್‌ನಲ್ಲಿ ಗಟ್ಟಿಯಾಗಿ ಕಲಸಿದ್ರೆ ಸುಣ್ಣದ ಥರ ತಳ ಹಿಡಿಯುತ್ತೆ. ಬೇರು ಕೊಳೆತಿರೋ ಸಸಿಗೆ ಮಾತ್ರ ಗೊಬ್ಬರ ತೋರಿಸ್ಬೇಡಿ.

ಈಗ ನಿಮ್ಮ ಹತ್ರ ಇರೋ ಸಸಿಗೆ ಏನು ಮಾಡೋದು. ಟ್ರೇಗಳು ಪ್ಲಾಸ್ಟಿಕ್ ಶೀಟ್ ಮೇಲೆ ಚಪ್ಪಟೆ ಕೂತಿದ್ರೆ ಎತ್ತಿ ಬಿದಿರಿನ ಅಡ್ಡೆ ಮೇಲೋ ಇಟ್ಟಿಗೆ ಮೇಲೋ ಇಡಿ, ತಳಕ್ಕೆ ಗಾಳಿ ಆಡ್ಲಿ, ಹೊರಬಂದ ಬೇರಿನ ತುದಿ ಗಾಳಿಗೆ ಒಣಗಿ ಒಳಗೆ ಹೊಸ ಕವಲು ಒಡೆಯುತ್ತೆ. ನೀರು ಪೂರ್ತಿ ನಿಲ್ಸಿ, ಟ್ರೇ ಹಗುರ ಆಗೋ ತನಕ ನೆರಳಲ್ಲಿ ಇರ್ಲಿ. ಬುಡ ಕರಗಿ ಮಲಗಿರೋದನ್ನ ಅದರ ಗುಳಿಯ ಪುಡಿ ಸಮೇತ ತೆಗೆದು ದೂರ ಎಸೆಯಿರಿ, ಉಳಿದಿದ್ದಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ಶಿಲೀಂಧ್ರನಾಶಕ ಲೀಟರಿಗೆ 3 ಗ್ರಾಂ ಕಲಸಿ ಬುಡ ನೆನೆಯೋ ಅಷ್ಟು ಮಾತ್ರ ಹಾಕಿ. ರೋಗಾಣು ತಡೆಯೋ ಟ್ರೈಕೊಡರ್ಮಾ ಒಳ್ಳೇದೇ, ಆದ್ರೆ ಅದು ಮೊದಲೇ ಪುಡಿಗೆ ಬೆರೆಸೋ ಮದ್ದು, ರೋಗ ಬಂದ ಮೇಲೆ ಹಾಕಿ ಪವಾಡ ಕಾಯ್ಬೇಡಿ, ಕಾಪರ್ ಜೊತೆಗಂತೂ ಹಾಕಲೇಬೇಡಿ, ಅದೂ ಶಿಲೀಂಧ್ರನೇ, ಸತ್ತೋಗುತ್ತೆ.

ಬದುಕಿದ ಸಸಿನ ಹೊಲಕ್ಕೆ ನೆಡುವಾಗ ಕೋಕೋಪೀಟ್ ಗಡ್ಡೆ ಮೇಲೆ ಅರ್ಧ ಇಂಚು ಮಣ್ಣು ಮುಚ್ಚಿ. ಗಡ್ಡೆ ಹೊರಗೆ ಕಂಡ್ರೆ ಬಿಸಿಲಿಗೆ ಒಣಗುತ್ತೆ, ಮುಚ್ಚಿದ್ರೂ ಸುತ್ತಲಿನ ಜಿಗುಟು ಮಣ್ಣು ಅದರ ನೀರನ್ನ ಎಳ್ಕೊಳ್ಳುತ್ತೆ, ಹೊಲ ಒದ್ದೆ ಕಾಣ್ತಾ ಇರುತ್ತೆ, ಗಡ್ಡೆ ಒಣಗಿರುತ್ತೆ. ಇಷ್ಟು ದಿನ ನೀರು ಕಮ್ಮಿ ಮಾಡಿ ಅಂದವನೇ ಈಗ ಉಲ್ಟಾ ಹೇಳ್ತಿದೀನಿ, ಬೇರು ಗಡ್ಡೆ ದಾಟಿ ಮಣ್ಣಿಗೆ ಇಳಿಯೋ ತನಕ, ಅಂದ್ರೆ ಮೊದಲ ವಾರ, ದಿನಾ ಒಂದು ಲೋಟ ನೀರನ್ನ, ಸಾಲಿಗಲ್ಲ, ಸಸಿ ಬುಡಕ್ಕೇ ಹಾಕಿ.