ಲಗ್ನಕ್ಕ ಒಂದ್ ಬಾಕ್ಸ್ ಒಯ್ದ್ರ ಕೇಸ್ ಆಗ್ತದೇನ್ರಿ?

ಪ್ರಶ್ನೆ: ಅಣ್ಣನ ಮಗಂದು ಲಗ್ನ ಅದ. ಹುಮನಾಬಾದಿನ ವೈನ್ ಶಾಪಿನಾಗ ಒಂದ್ ಬಾಕ್ಸ್ ಕ್ವಾರ್ಟರ್, ಎರಡ್ ಬಾಕ್ಸ್ ಬಿಯರ್ ತಗೊಂಡು ಕಾರಿನಾಗ ಊರಿಗಿ ಒಯ್ಯಬೇಕಂತ ಮಾಡೀವಿ. ಬಿಲ್ ಇದ್ರ ಸಾಕೇನ್ರಿ?

ಉತ್ತರ: ಬಿಯರಿಗೆ ಸಾಕು, ಕ್ವಾರ್ಟರಿಗೆ ಸಾಲದು.

ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಒಬ್ಬರು ಇಟ್ಟುಕೊಳ್ಳಬಹುದಾದ ವಿಸ್ಕಿ, ರಮ್, ಬ್ರಾಂದಿ 2.3 ಲೀಟರ್; ಬಿಯರ್ 18.2 ಲೀಟರ್. 650 ಎಂಎಲ್ ಬಿಯರಿನ ಬಾಕ್ಸಿನಲ್ಲಿ 12 ಬಾಟಲಿ, ಅಂದರೆ ಎರಡು ಬಾಕ್ಸಿಗೆ 15.6 ಲೀಟರ್. ಇನ್ನೂ ನಾಲ್ಕು ಬಾಟಲಿ ಸೇರಿಸಿದರೂ ಸರಿಯಾಗಿ ಮಿತಿಗೆ ಬಂದು ನಿಲ್ಲುತ್ತದೆ. ಕ್ವಾರ್ಟರಿನ ಲೆಕ್ಕ ಹಾಗಲ್ಲ. ಕ್ವಾರ್ಟರ್ ಅಂದರೆ 180 ಎಂಎಲ್ ಬಾಟಲಿ; ಒಂದು ಬಾಕ್ಸಿನ 48 ಬಾಟಲಿಗೆ 8.64 ಲೀಟರ್ ಆಗುತ್ತದೆ. ಒಬ್ಬರಿಗೆ 12 ಕ್ವಾರ್ಟರ್ ನಡೆಯುತ್ತದೆ, ಹದಿಮೂರನೆಯದಕ್ಕೆ ಮಿತಿ ದಾಟಿತು. 90 ಎಂಎಲ್ ಪಾಕೀಟಾದರೆ 25, 750 ಎಂಎಲ್‌ನ ಫುಲ್ ಬಾಟಲಿಯಾದರೆ ಮೂರು.

ನಾಲ್ಕು ಜನ ತಲಾ 12 ತಗೊಂಡರೆ 48 ಆಯಿತಲ್ಲ ಎನ್ನುತ್ತೀರಿ. ಲೆಕ್ಕ ಸರಿ. ಆದರೆ ಸೀಲ್ ಒಡೆಯದ ಬಾಕ್ಸ್ ಡಿಕ್ಕಿಯಲ್ಲಿದ್ದು, ಬಿಲ್ ಒಬ್ಬರದೇ ಆಗಿದ್ದರೆ ಅದು ಒಬ್ಬರ ಮಾಲೇ ಎಂದು ಹಿಡಿಯುತ್ತಾರೆ. ಪಾಲು ಮಾಡುವುದಿದ್ದರೆ ಅಂಗಡಿಯಲ್ಲೇ ಬೇರೆ ಬೇರೆ ಬಿಲ್ ಮಾಡಿಸಿ, ಅವರವರ ಚೀಲ ಅವರವರ ಕೈಯಲ್ಲಿರಲಿ, ಆ ನಾಲ್ವರೂ ಕಾರಿನಲ್ಲಿರಲಿ. ಡ್ರೈವರನ ಕೈಗೆ ಎಲ್ಲ ಕೊಟ್ಟು ಕಳಿಸಿದರೆ ಕೇಸ್ ಅವನ ಮೇಲೆ, ಜಪ್ತಿ ನಿಮ್ಮ ಕಾರು. ಮದ್ಯ ಎಲ್ಲಿಂದ ಬಂತು ಎಂಬುದಕ್ಕಷ್ಟೇ ಬಿಲ್ ಸಾಕ್ಷಿ. ಎಷ್ಟು ಒಯ್ಯಬಹುದು ಎಂಬುದಕ್ಕೆ ಅಲ್ಲ.

ಗಡಿಯಾಚೆ ತೆಲಂಗಾಣದ ಜಹೀರಾಬಾದಿನಲ್ಲೋ ಮಹಾರಾಷ್ಟ್ರದ ಉಮರ್ಗಾದಲ್ಲೋ ಅಗ್ಗ ಸಿಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಮಾತು ಕೇಳಬೇಡಿ. ನಮ್ಮಲ್ಲಿ ಮದ್ಯವೆಲ್ಲ ರಾಜ್ಯ ಪಾನೀಯ ನಿಗಮದ ಡಿಪೋದಿಂದಲೇ ಅಂಗಡಿಗೆ ಬರಬೇಕು. ಮುಚ್ಚಳದ ಮೇಲಿನ ಅಬಕಾರಿ ಲೇಬಲ್ಲೇ ಸುಂಕ ಕಟ್ಟಿದ ಗುರುತು. ಮಹಾರಾಷ್ಟ್ರದ ಬಾಟಲಿಯ ಮೇಲೆ ಆ ರಾಜ್ಯದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾಗಿರುತ್ತದೆ. ಗಡಿ ದಾಟಿ ಬಂದದ್ದು ಸುಂಕ ತಪ್ಪಿಸಿದ ಮಾಲೇ, ಅಲ್ಲಿನ ಬಿಲ್ ಇಲ್ಲಿ ನಡೆಯದು. ಮಿಲಿಟರಿ ಕ್ಯಾಂಟೀನಿನ ಬಾಟಲಿಯೂ ಕಾರ್ಡ್ ಇದ್ದವರಿಗಷ್ಟೇ. ಅದನ್ನು ದುಡ್ಡಿಗೆ ಕೊಡುವುದೂ ಕೊಳ್ಳುವುದೂ ತಪ್ಪು.

ನಿಜಕ್ಕೂ ದೊಡ್ಡ ಕಾರ್ಯಕ್ರಮವಾದರೆ ಸಿಎಲ್-5 ಎಂಬ ತಾತ್ಕಾಲಿಕ ಲೈಸೆನ್ಸ್ ಇದೆ. ಜಿಲ್ಲಾ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ಜಾಗ, ದಿನ, ಸಮಯ ನಮೂದಿಸಿ ಮೊದಲೇ ಅರ್ಜಿ ಹಾಕಿ. ಹಿಂದಿನ ದಿನ ಹೋಗಿ ನಿಂತರೆ ಆಗುವ ಕೆಲಸವಲ್ಲ. ಚುನಾವಣೆ ಹತ್ತಿರವಿದ್ದರೆ ಇನ್ನೂ ಎಚ್ಚರ: ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಅಂಗಡಿಯೇ ಬಂದ್.

ಊರಲ್ಲಿ ಶಾಮಿಯಾನ ರಸ್ತೆಗೇ ಹಾಕುವುದು ರೂಢಿ. ಅಲ್ಲಿ ಕುಡಿಸಿದರೆ ಸಾರ್ವಜನಿಕ ಸ್ಥಳದಲ್ಲಿ ಕುಡಿದ ಕೇಸ್, 1965ರ ಕರ್ನಾಟಕ ಅಬಕಾರಿ ಕಾಯ್ದೆಯ 15ಎ ಕಲಮು. ಉಳಿದ ಕ್ವಾರ್ಟರನ್ನು ಕಿರಾಣಿ ಅಂಗಡಿಯವನಿಗೆ ಕೊಟ್ಟು ಅಷ್ಟಾದರೂ ದುಡ್ಡು ವಾಪಸ್ ಬರಲಿ ಎಂದು ನೋಡಬೇಡಿ. ಅದು ಲೈಸೆನ್ಸ್ ಇಲ್ಲದ ಮಾರಾಟ, 32 ಮತ್ತು 34ನೇ ಕಲಮಿನಲ್ಲಿ ಇಬ್ಬರ ಹೆಸರೂ ಬರುತ್ತದೆ.