ವೇವರ್ ಅಂದರೆ ಕೈಬೀಸುವುದಲ್ಲ, ಮನ್ನಾನೂ ಅಲ್ಲ

ನಮ್ಮದೊಂದು ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್ ಲೀಗ್: ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ಕಲ್ಪನೆಯ ತಂಡ ಕಟ್ಟಿ, ಅವರ ಆಟದ ಅಂಕಿಗಳ ಮೇಲೆ ಪೈಪೋಟಿ ಮಾಡುವ ಆಟ. ಅದರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೊನ್ನೆ ಮತ್ತೆ ಅದೇ ಆಯಿತು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ತಂಡವೊಂದು ತನ್ನ ಆಟಗಾರನನ್ನು ವೇವ್ ಮಾಡಿದ, ಅಂದರೆ ತಂಡದಿಂದ ಬಿಟ್ಟ ಸುದ್ದಿ ಬಂತು. ಒಬ್ಬರು ಕೈಬೀಸುವ ಇಮೋಜಿ ಹಾಕಿದರು. ಇನ್ನೊಬ್ಬರು "ಪಾಪ, ಕಾಂಟ್ರಾಕ್ಟ್ ಮನ್ನಾ ಆಯ್ತು, ಇನ್ನು ಸಂಬಳ ಇಲ್ಲ" ಎಂದರು. ಮೂರನೆಯವರು ಅವನನ್ನು ತಮ್ಮ ಫ್ಯಾಂಟಸಿ ತಂಡದಿಂದ ಆ ಕ್ಷಣವೇ ಕಿತ್ತುಹಾಕಿ, "ನಾನೂ ವೇವ್ ಮಾಡಿದೆ" ಎಂದು ಬರೆದರು. ಮೊದಲ ಇಬ್ಬರದು ಪದದ ತಪ್ಪು. ಮೂರನೆಯವರದು ಪದದ ತಪ್ಪಲ್ಲ, ಆದರೆ ದಂಡ ತೆತ್ತವರು ಅವರೇ. ಅದು ಆಮೇಲೆ.

ಮೊದಲು ಇಮೋಜಿ. ಕನ್ನಡದಲ್ಲಿ ಬರೆದರೆ ಎರಡೂ 'ವೇವ್' ಅನ್ನುವುದು ನಿಜ. ಇಂಗ್ಲಿಷಿನಲ್ಲಿ ಹಾಗಲ್ಲ. ಕೈಬೀಸುವ ವೇವ್ ಬೇರೆ, ನಡುವೆ 'ಐ' ಅಕ್ಷರ ಇರುವ ಈ ವೇವ್ ಬೇರೆ. ಒಂದೇ ಮನೆಯವೂ ಅಲ್ಲ, ನೆಂಟರೂ ಅಲ್ಲ. ಕೈಬೀಸುವುದು ಹಳೆಯ ಇಂಗ್ಲಿಷಿನ ಪದ. ನಮ್ಮ ವೇವ್ ಬಂದಿದ್ದು ಇಂಗ್ಲೆಂಡಿನ ಕೋರ್ಟುಗಳಲ್ಲಿ ಹಿಂದೆ ಓಡಾಡುತ್ತಿದ್ದ ಫ್ರೆಂಚಿನಿಂದ. ಅಲ್ಲಿ ಅದಕ್ಕೆ 'ಬಿಟ್ಟುಬಿಡು, ಕೈಬಿಡು' ಎಂಬ ಅರ್ಥ. ಅದರ ಹತ್ತಿರದ ಸಂಬಂಧಿ 'ವೇಫ್'. ಕಳ್ಳ ಓಡುವಾಗ ದಾರಿಯಲ್ಲಿ ಎಸೆದುಹೋದ ಮಾಲು, ವಾರಸುದಾರರಿಲ್ಲದೆ ಬಿದ್ದ ವಸ್ತು, ಇಂಥದ್ದಕ್ಕೆಲ್ಲ ವೇಫ್ ಅನ್ನುತ್ತಿದ್ದರು. ನಮ್ಮಲ್ಲಿ 'ಬಿಡಾಡಿ' ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ಇನ್ನೂ ಒಂದು ವಿಚಿತ್ರ ಇದೆ. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಗಂಡಸು ಕೋರ್ಟಿಗೆ ಬಾರದೆ ತಪ್ಪಿಸಿಕೊಂಡರೆ ಅವನನ್ನು 'ಔಟ್‌ಲಾ' ಎಂದು ಸಾರುತ್ತಿದ್ದರು. ಹೆಂಗಸಿಗೆ ಆ ಪದ ಹಾಕುವಂತಿರಲಿಲ್ಲ. ಗಂಡಸರ ಹಾಗೆ ಅವಳು ಕಾನೂನಿಗೆ ಪ್ರಮಾಣ ಮಾಡಿದವಳಲ್ಲ ಎಂಬುದು ಅವರ ತರ್ಕ. ಹಾಗಾಗಿ ಅವಳನ್ನು 'ವೇವ್' ಮಾಡುತ್ತಿದ್ದರು. ಅಂದರೆ ಕಾನೂನು ಅವಳ ಕೈಬಿಡುತ್ತಿತ್ತು. ಬ್ಯಾಸ್ಕೆಟ್‌ಬಾಲಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಗೊತ್ತಿದ್ದೂ ಹೇಳದಿರಲು ಮನಸ್ಸು ಬರಲಿಲ್ಲ.

'ವೇವರ್' ಪದದ ಕೊನೆಯ 'ಅರ್' ಕೂಡ ದಾರಿ ತಪ್ಪಿಸುತ್ತದೆ. ಪ್ಲೇಯರ್ ಅಂದರೆ ಆಡುವವನು, ಹಾಗಾಗಿ ವೇವರ್ ಅಂದರೆ ವೇವ್ ಮಾಡುವವನು ಎಂದುಕೊಳ್ಳುತ್ತಾರೆ. ಅಲ್ಲ. ಇದು ಡಿನ್ನರ್, ಸಪ್ಪರ್ ಪದಗಳಲ್ಲಿರುವ 'ಅರ್'. ಫ್ರೆಂಚ್ ಕ್ರಿಯಾಪದದ ಬಾಲ ಹಾಗೇ ಅಂಟಿಕೊಂಡು ಬಂದದ್ದು. ಡಿನ್ನರ್ ಅಂದರೆ ಊಟ ಮಾಡುವವನಲ್ಲ, ಊಟ. ವೇವರ್ ಅಂದರೆ ಬಿಡುವವನಲ್ಲ, ಬಿಡುವ ಕೆಲಸ.

ಈಗ ಮನ್ನಾ. ಇದಕ್ಕೆ ನಮ್ಮ ಪತ್ರಿಕೆಗಳನ್ನೇ ದೂರಬೇಕು. ಲೋನ್ ವೇವರ್ ಅಂದರೆ ಸಾಲ ಮನ್ನಾ ಎಂದು ಓದಿ ಓದಿ, ವೇವರ್ ಎಂದ ಕಡೆಯೆಲ್ಲ ಮನ್ನಾ ಹಾಕುವ ಚಟ ಬಂದಿದೆ. ಆದರೆ ಸಾಲ ಮನ್ನಾದಲ್ಲಿ ಆಗುವುದೇನು? ಸಾಲ ಕೊಟ್ಟವರು ವಸೂಲಿ ಮಾಡುವ ತಮ್ಮ ಹಕ್ಕನ್ನು ಬಿಡುತ್ತಾರೆ. ವೇವರ್‌ನ ತಿರುಳು ಹಕ್ಕು ಬಿಡುವುದು. ದುಡ್ಡು ಮಾಫಿ ಆಗುವುದು ಅದರ ಫಲ ಅಷ್ಟೇ. ಅಣ್ಣತಮ್ಮಂದಿರು ಪಾಲಿನ ವಿಷಯದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹಕ್ಕು ಬಿಡುಗಡೆ ಪತ್ರ ಮಾಡಿಸುತ್ತಾರಲ್ಲ, ವೇವರ್‌ಗೆ ಅದು ಮನ್ನಾಕ್ಕಿಂತ ಹತ್ತಿರ.

ಎನ್‌ಬಿಎದಲ್ಲಿ ವೇವ್ ಆದ ಆಟಗಾರನ ಗ್ಯಾರಂಟಿ ಸಂಬಳ ಎಲ್ಲಿಗೂ ಹೋಗುವುದಿಲ್ಲ. 2025ರ ಜುಲೈನಲ್ಲಿ ಮಿಲ್ವಾಕಿ ಬಕ್ಸ್ ತಂಡ ಡೇಮಿಯನ್ ಲಿಲ್ಲರ್ಡ್‌ನನ್ನು ವೇವ್ ಮಾಡಿತು. ಎರಡು ವರ್ಷದ್ದು ಸುಮಾರು 11.3 ಕೋಟಿ ಡಾಲರ್ ಬಾಕಿ ಇತ್ತು. ಅದನ್ನು ಐದು ವರ್ಷಕ್ಕೆ ಹಂಚಿಕೊಂಡು ಬಕ್ಸ್ ಲೆಕ್ಕದಲ್ಲಿ ಇಟ್ಟುಕೊಂಡಿದೆ. ಆತ ಅತ್ತ ತನ್ನ ಹಳೆಯ ತಂಡ ಪೋರ್ಟ್‌ಲ್ಯಾಂಡಿಗೆ ಮೂರು ವರ್ಷಕ್ಕೆ 4.2 ಕೋಟಿ ಡಾಲರ್‌ಗೆ ಸಹಿ ಹಾಕಿದ. ಇದರಲ್ಲಿ ಮನ್ನಾ ಎಲ್ಲಿದೆ? ಅಂದಹಾಗೆ, ಆ ಸಹಿಯ ಸುದ್ದಿ ನೋಡಿ ಫ್ಯಾಂಟಸಿ ಡ್ರಾಫ್ಟಿನಲ್ಲಿ, ಅಂದರೆ ಸರದಿಯಲ್ಲಿ ಆಟಗಾರರನ್ನು ಆರಿಸುವಾಗ, ಅವನನ್ನು ಬೇಗನೆ ಎತ್ತಿಕೊಳ್ಳಲು ಹೊರಟವರಿದ್ದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಅವನ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು. ಸಹಿ ಹಾಕಲು ಕೈ ಸಾಕು, ಆಡಲು ಕಾಲು ಬೇಕು.

ಆದರೆ ಬಿಡುವವರು ಯಾರು? ಇದು ನನ್ನ ಅಚ್ಚುಮೆಚ್ಚಿನ ಗೊಂದಲ. ತಂಡ ಆಟಗಾರನನ್ನು ಬಿಟ್ಟಿತು ಎಂದು ಎಲ್ಲರೂ ಹೇಳುತ್ತೇವೆ, ನಾನೂ ಹೇಳುತ್ತೇನೆ. ಆದರೆ ತಂಡಗಳ ಪ್ರಕಟಣೆಯನ್ನು ಗಮನವಿಟ್ಟು ಓದಿ. 'ವೇವರ್ ಕೋರಿದೆ' ಎಂಬ ಮಾತು ಅಲ್ಲಿ ಈಗಲೂ ಬರುತ್ತದೆ. ಯಾರನ್ನು ಕೋರುವುದು? ಉಳಿದ 29 ತಂಡಗಳನ್ನು. "ಇವನನ್ನು ಬಿಡುತ್ತಿದ್ದೇವೆ. ನಿಮಗೆ ಇವನ ಮೇಲಿರುವ ಹಕ್ಕನ್ನು ನೀವೂ ಬಿಡುತ್ತೀರಾ?" ಎಂದು ಕೇಳುವುದು ಅದು. ಬೇಸ್‌ಬಾಲಿನಿಂದ ಬಂದ ಪದ್ಧತಿ. 48 ಗಂಟೆ ಯಾರೂ ಬಾಯಿ ಬಿಡದಿದ್ದರೆ 29 ತಂಡಗಳೂ ಹಕ್ಕು ಬಿಟ್ಟಂತೆ. ಆಗ 'ವೇವರ್ ಕ್ಲಿಯರ್ ಆಯಿತು' ಅನ್ನುತ್ತಾರೆ. ಯಾರಾದರೂ ಬೇಕು ಎಂದರೆ ಅದು ಕ್ಲೇಮ್. ಒಬ್ಬರಿಗಿಂತ ಜಾಸ್ತಿ ಜನ ಕೇಳಿದರೆ ಕಳಪೆ ದಾಖಲೆಯ ತಂಡಕ್ಕೆ ಮೊದಲ ಅವಕಾಶ.

ಊರಿನ ದನದ ದೊಡ್ಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಡಾಡಿ ದನ ದೊಡ್ಡಿಯಲ್ಲಿ ಕಟ್ಟಿರುತ್ತದೆ. ಯಾರಾದರೂ ಬಂದು ನಮ್ಮದು ಅನ್ನಬೇಕು, ದಂಡ ಕಟ್ಟಿ ಹೊಡೆದುಕೊಂಡು ಹೋಗಬೇಕು. ಎನ್‌ಬಿಎ ದೊಡ್ಡಿಯ ದಂಡ ಅಂದರೆ ಆ ಆಟಗಾರನ ಹಳೆಯ ಕಾಂಟ್ರಾಕ್ಟನ್ನು ಹಾಗೇ ಹೊತ್ತುಕೊಳ್ಳುವುದು. ಸಂಬಳದ ಮಿತಿಯಲ್ಲಿ ಅಷ್ಟು ಜಾಗ ಇರಬೇಕು, ಇಲ್ಲವೇ ಅದಕ್ಕೆ ಹೊಂದುವ ವಿನಾಯಿತಿ ಇರಬೇಕು. ಆದ್ದರಿಂದಲೇ ದೊಡ್ಡ ಹೆಸರುಗಳನ್ನು ದೊಡ್ಡಿಯಿಂದ ಯಾರೂ ಒಯ್ಯುವುದಿಲ್ಲ. 48 ಗಂಟೆ ಮುಗಿದ ಮೇಲೆ ಅವರೇ ಹೊರಗೆ ನಡೆದು ಬಂದು ತಮಗೆ ಬೇಕಾದ ತಂಡಕ್ಕೆ ಸಹಿ ಹಾಕುತ್ತಾರೆ. ದೊಡ್ಡಿಯಿಂದ ನಿಜಕ್ಕೂ ಕ್ಲೇಮ್ ಆಗುವವರು ಕನಿಷ್ಠ ಸಂಬಳದ ಹುಡುಗರು.

ಜೆರೆಮಿ ಲಿನ್‌ನ ಹಾಗೆ. 2011ರ ಡಿಸೆಂಬರ್‌ನಲ್ಲಿ ಗೋಲ್ಡನ್ ಸ್ಟೇಟ್ ಅವನನ್ನು ಬಿಟ್ಟಿತು. ಹ್ಯೂಸ್ಟನ್ ಕ್ಲೇಮ್ ಮಾಡಿತು. ಕ್ರಿಸ್‌ಮಸ್‌ನ ಹಿಂದಿನ ದಿನ ಹ್ಯೂಸ್ಟನ್ನೂ ಬಿಟ್ಟಿತು. ನ್ಯೂಯಾರ್ಕ್ ನಿಕ್ಸ್ ಕ್ಲೇಮ್ ಮಾಡಿತು. ಒಂದೇ ತಿಂಗಳಲ್ಲಿ ಎರಡು ಸಲ ದೊಡ್ಡಿ. 2012ರ ಫೆಬ್ರವರಿ 4ರಂದು ನೆಟ್ಸ್ ವಿರುದ್ಧ ಬೆಂಚಿನಿಂದ ಎದ್ದು ಬಂದು 25 ಪಾಯಿಂಟ್ ಹೊಡೆದ. ಆರು ದಿನ ಬಿಟ್ಟು ಲೇಕರ್ಸ್ ಎದುರು 38. ನಿಕ್ಸ್ ಸತತ ಏಳು ಪಂದ್ಯ ಗೆದ್ದಿತು. ಫೆಬ್ರವರಿ 10ಕ್ಕೆ ಅವನ ಕಾಂಟ್ರಾಕ್ಟ್ ಗ್ಯಾರಂಟಿ ಆಗಬೇಕಿತ್ತು, ಅದಕ್ಕೆ ಮೊದಲೇ ಮತ್ತೆ ವೇವ್ ಆಗುವ ಅಂಚಿನಲ್ಲಿ ಇದ್ದವನು ಅವನು. ಆ ವಾರ ಫ್ಯಾಂಟಸಿ ಲೀಗುಗಳಲ್ಲೂ ಜನ ಅವನನ್ನು ವೇವರ್‌ನಿಂದಲೇ ಎತ್ತಿಕೊಂಡರು. ಎನ್‌ಬಿಎ ವೇವರ್, ಫ್ಯಾಂಟಸಿ ವೇವರ್, ಪದದ ಎರಡೂ ಅರ್ಥ ಒಬ್ಬನ ಮೇಲೇ ಬಂದು ಕೂತಿದ್ದವು. ಮುಂದಿನ ಬೇಸಿಗೆಯಲ್ಲಿ ಇದೇ ಹ್ಯೂಸ್ಟನ್ ಮೂರು ವರ್ಷಕ್ಕೆ 2.5 ಕೋಟಿ ಡಾಲರ್ ಒಪ್ಪಿಕೊಂಡು ಅವನನ್ನು ಮತ್ತೆ ಕರೆಸಿಕೊಂಡಿತು. ಬಿಟ್ಟ ದನವನ್ನು ಸಂತೆಯಲ್ಲಿ ಕೊಂಡ ಹಾಗೆ.

ಈ ಗ್ಯಾರಂಟಿ ದಿನ ಸಾಮಾನ್ಯ ವರ್ಷಗಳಲ್ಲಿ ಜನವರಿ 10. ಅಷ್ಟರೊಳಗೆ 48 ಗಂಟೆ ಮುಗಿಯಬೇಕಾದ್ದರಿಂದ ಜನವರಿ 7ರ ಹೊತ್ತಿಗೆ ದೊಡ್ಡಿ ತುಂಬುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಸಂಜೆ 5 ಗಂಟೆಗೆ ಗಡುವು. ನಮಗೆ ಚಳಿಗಾಲದಲ್ಲಿ ಬೆಳಗಿನ ಜಾವ 3:30. ಹಾಲು ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಜನವರಿ 5ರಿಂದ ಹತ್ತು ದಿನದ ಕಾಂಟ್ರಾಕ್ಟುಗಳೂ ಶುರುವಾಗುತ್ತವೆ. ಅವುಗಳ ಹಿಂದೆ ಓಡಬೇಡಿ. ನೂರಕ್ಕೆ ತೊಂಬತ್ತು ಸಲ ಅದು ಗಾಯಾಳುವಿನ ಕುರ್ಚಿ ತುಂಬುವ ಕೆಲಸ.

ಫ್ಯಾಂಟಸಿ ವೇವರ್ ಬೇರೆಯದೇ ದೊಡ್ಡಿ. ನಿಮ್ಮ ಲೀಗಿನಲ್ಲಿ ಯಾರಾದರೂ ಡ್ರಾಪ್ ಮಾಡಿದ ಆಟಗಾರ ಒಂದೆರಡು ದಿನ ಅಲ್ಲಿರುತ್ತಾನೆ. ಎಷ್ಟು ದಿನ ಎಂಬುದು ಲೀಗಿನ ಸೆಟಿಂಗ್. ಸರದಿ ಪ್ರಕಾರವೋ ಬಿಡ್ ಪ್ರಕಾರವೋ ಒಬ್ಬರಿಗೆ ಸಿಗುತ್ತಾನೆ. ಯಾರೂ ಕೇಳದಿದ್ದರೆ ಫ್ರೀ ಏಜೆಂಟ್. ಆಮೇಲೆ ಮೊದಲು ಬಂದವರಿಗೆ. ಫ್ರೀ ಏಜೆಂಟನ್ನು ಎತ್ತಿಕೊಂಡು 'ವೇವರ್‌ನಿಂದ ತಂದೆ' ಅನ್ನುವವರೇ ಜಾಸ್ತಿ. ಅದನ್ನು ತಿದ್ದುವ ಆಸೆ ನಾನು ಬಿಟ್ಟಿದ್ದೇನೆ, ವೇವ್ ಮಾಡಿದ್ದೇನೆ ಅನ್ನಿ.

ಬಿಡಲಾಗದ ವಿಷಯ ಏನೆಂದರೆ ಈ ಎರಡು ದೊಡ್ಡಿಗಳ ಗಡಿಯಾರ ಬೇರೆ ಬೇರೆ. ಎನ್‌ಬಿಎ ತಂಡ ವೇವ್ ಮಾಡಿದ ಮಾತ್ರಕ್ಕೆ ಆಟಗಾರ ನಿಮ್ಮ ಫ್ಯಾಂಟಸಿ ತಂಡದಿಂದ ಹೊರಗೆ ಹೋಗುವುದಿಲ್ಲ. ಹೆಸರಿನ ಪಕ್ಕ ತಂಡದ ಗುರುತು ಹೋಗಬಹುದು, ಹಕ್ಕು ನಿಮ್ಮದೇ. ಅವನು 48 ಗಂಟೆ ಕಳೆದು ಎಲ್ಲಿ ಸಹಿ ಹಾಕುತ್ತಾನೆ ಎಂದು ಕಾಯುವುದೋ ಬಿಡುವುದೋ ಎಂಬುದೇ ನಿಜವಾದ ಪ್ರಶ್ನೆ.

ಕಾಯುವಾಗ ಎಲ್ಲರ ಕಣ್ಣೂ ತಂಡ ಬಿಟ್ಟುಹೋಗುವ ಆಟಗಾರನ ಮೇಲೆ. ನನ್ನ ಕಣ್ಣು ಅವನು ಬಿಟ್ಟುಹೋದ ಕುರ್ಚಿಯ ಮೇಲೆ. 2021ರಲ್ಲಿ ಆಂಡ್ರೆ ಡ್ರಮಂಡ್ ಕ್ಲೀವ್‌ಲ್ಯಾಂಡಿನಲ್ಲಿ ಪಂದ್ಯಕ್ಕೆ 17.5 ಪಾಯಿಂಟ್, 13.5 ರೀಬೌಂಡ್ ತೆಗೆಯುತ್ತಿದ್ದ. ಫೆಬ್ರವರಿಯಲ್ಲಿ ತಂಡ ಅವನನ್ನು ಆಡಿಸದೆ ಕೂರಿಸಿತು. ಮಾರ್ಚ್ ಕೊನೆಗೆ ಬೈಔಟ್ ಆಗಿ, ಅಂದರೆ ಬಾಕಿ ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಹೊರಬಂದು, ಲೇಕರ್ಸ್ ಸೇರಿದ. ಸಹಿಯ ಸುದ್ದಿಗೆ ಗ್ರೂಪುಗಳಲ್ಲಿ ಹಬ್ಬ. ಲೇಕರ್ಸ್‌ನಲ್ಲಿ ಅವನ ಸರಾಸರಿ 11.9 ಮತ್ತು 10.2ಕ್ಕೆ ಇಳಿಯಿತು. ಗೆಲ್ಲಲು ಹೊರಟ ತಂಡ ಅವನ ಕೈಗೆ ಎಷ್ಟು ಸಲ ಚೆಂಡು ಕೊಡುತ್ತದೆ? ಅದೇ ಹೊತ್ತಿಗೆ ಕ್ಲೀವ್‌ಲ್ಯಾಂಡಿನಲ್ಲಿ ಜಾರೆಟ್ ಆ್ಯಲನ್‌ಗೆ ಡ್ರಮಂಡ್ ಆಡುತ್ತಿದ್ದ ಸೆಂಟರ್ ಜಾಗ ಪೂರ್ತಿ ಸಿಕ್ಕಿತ್ತು. ಡ್ರಮಂಡ್ ಕೂತ ದಿನವೇ ಆ್ಯಲನ್‌ನ ಬೆಲೆ ಏರಿತ್ತು. ಸಹಿಯ ಸುದ್ದಿಗೆ ಕಾದವರಿಗೆ ಆರು ವಾರ ತಡ.

ಬೈಔಟ್ ಅಂದರೆ ವೇವರ್ ಅಲ್ಲವಾ ಎಂದು ಕೇಳುತ್ತಾರೆ. ಬೈಔಟ್ ಮಾತುಕತೆ: ಇಷ್ಟು ಕಡಿಮೆ ಕೊಡಿ, ನನ್ನನ್ನು ಬಿಡಿ. ಮಾತು ಮುಗಿದ ಮೇಲೆ ಮತ್ತೆ ಅದೇ ದೊಡ್ಡಿ, ಅದೇ 48 ಗಂಟೆ. ಲೀಗಿಗೂ ಆಟಗಾರರ ಸಂಘಕ್ಕೂ ಆದ 2023ರ ಒಪ್ಪಂದದ ನಂತರ ಇನ್ನೊಂದು ತಡೆ ಸೇರಿದೆ. ಸಂಬಳದ 'ಮೊದಲ ಏಪ್ರನ್' ಎಂಬ ಮೇಲಿನ ಗೆರೆ ದಾಟಿದ ತಂಡಗಳು, ಸೀಸನ್ ನಡುವೆ ಹೀಗೆ ಹೊರಬಂದ ದುಬಾರಿ ಆಟಗಾರರನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ "ಇವನು ಆ ದೊಡ್ಡ ತಂಡಕ್ಕೆ ಹೋಗ್ತಾನೆ" ಎಂದು ಬಿಡ್ ಹಾಕುವ ಮುನ್ನ ಆ ತಂಡಕ್ಕೆ ಅವಕಾಶ ಇದೆಯಾ ನೋಡಿ.

ಇನ್ನು ನಮ್ಮ ಮೂರನೆಯವರು. ಅವರು ಡ್ರಾಪ್ ಮಾಡಿದ ಆಟಗಾರ ಎನ್‌ಬಿಎ ದೊಡ್ಡಿಯಿಂದ ಹೊರಬಂದು, ಸೆಂಟರ್ ಗಾಯಗೊಂಡಿದ್ದ ಒಂದು ಸಣ್ಣ ತಂಡಕ್ಕೆ ಸಹಿ ಹಾಕಿದ. ಆ ಹೊತ್ತಿಗೆ ನಮ್ಮ ಲೀಗಿನ ದೊಡ್ಡಿಯಲ್ಲಿ ಅವನ ಗಡುವು ಇನ್ನೂ ಮುಗಿದಿರಲಿಲ್ಲ. ಡ್ರಾಪ್ ಮಾಡಿದವರು ಗಾಬರಿಯಿಂದ ಮತ್ತೆ ಕ್ಲೇಮ್ ಹಾಕಿದರು. ಸರದಿಯಲ್ಲಿ ಅವರು ಒಂಬತ್ತನೆಯವರು. ಆಟಗಾರ ಸಿಕ್ಕಿದ್ದು ಕೈಬೀಸುವ ಇಮೋಜಿ ಹಾಕಿದವರಿಗೆ. ಅವರು ಗ್ರೂಪಿನಲ್ಲಿ ಮತ್ತೆ ಅದೇ ಇಮೋಜಿ ಹಾಕಿದರು. ಈ ಸಲ ನಾನು ತಿದ್ದಲಿಲ್ಲ.